ಪಕ್ಕದ ಸೀಟಿನಲ್ಲಿ ರೇಷ್ಮೆಗೂಡು

“ಅಣ್ಣ, ಚೀಲಕ್ಕೂ ಬೆಲ್ಟ್ ಹಾಕಿದೀನಿ, ಹೆದರಬೇಡಿ” ಎಂದಳು ಕೆಂಪು ಸ್ಪೋರ್ಟ್ಸ್ ಕಾರಿನ ಹುಡುಗಿ. ರೇಷ್ಮೆಗೂಡು ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟಿದ್ದ ನನ್ನ ಸ್ಕೂಟರ್ ಕೈಲಾಂಚದ ಬಳಿ ಕೆಟ್ಟು ನಿಂತಿತ್ತು. ಹರಾಜಿಗೆ ಹೊತ್ತಾಗುತ್ತಿತ್ತು. ಬೆಳಗಿನ ಸವಾರಿಗೆ ಬಂದಿದ್ದ ಕಾರು ಕ್ಲಬ್ಬಿನವರು ನನ್ನ ಪರದಾಟ ನೋಡಿ ನಿಲ್ಲಿಸಿದ್ದರು. ಅವರ ಕಾರುಗಳಿಗೆಲ್ಲ ಎರಡೇ ಸೀಟು. ಹಾಗಾಗಿ ಗೂಡಿನ ಚೀಲ ಅವಳ ಪಕ್ಕ ಕೂತಿತು, ನಾನು ಹಿಂದಿನ ಕಾರು ಹತ್ತಿದೆ.

“ಒಸಿ ನಿಧಾನ ಕಣವ್ವ, ಗೂಡು ನಲುಗಿದ್ರೆ ಹರಾಜಲ್ಲಿ ಯಾರೂ ಕೂಗಾಕಿಲ್ಲ” ಎಂದು ಹತ್ತುವ ಮೊದಲೇ ಅವಳಿಗೆ ಹೇಳಿದ್ದೆ.

ಬಾಣಂತಿಯನ್ನು ಕೂರಿಸಿಕೊಂಡವಳಂತೆ ಅವಳು ಕಾರು ಬಿಟ್ಟಳು. ಹಿಂದಿದ್ದವರೂ ಹಾರ್ನ್ ಮಾಡದೆ ಸಾಲಾಗಿ ತೆವಳಿದರು. ಹರಾಜಿಗೆ ಮೊದಲೇ ತಲುಪಿದೆವು. ಚೀಲ ಸುರಿದು ನೋಡಿದರೆ ಒಂದು ಗೂಡೂ ನಲುಗಿರಲಿಲ್ಲ.

ಆ ಕಾರುಗಳ ಅಬ್ಬರ ಕೇಳಿದರೆ ಮೊದಲೆಲ್ಲ ಬಾಯ್ತುಂಬ ಬಯ್ಯುತ್ತಿದ್ದೆ. ಈಗಲೂ ಬಯ್ಯುತ್ತೇನೆ, ಕೈ ಬೀಸುತ್ತಲೇ.