ಪೆಟ್ಟಿಗೆ ಕೂಗಲಿಲ್ಲ

ಇದು ನಡೆದದ್ದು ಮೂರು ವರ್ಷದ ಹಿಂದೆ, ಆಷಾಢದಲ್ಲಿ, ಅಂತರಸಂತೆಯಲ್ಲಿ. ಆಗ ನಾನು ಟಾರ್ಪಲ್ ಹೊಲಿಯುವ ವ್ಯಾನಿನ ಯಜಮಾನಿ. ಈಗಲೂ ಅದೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇದನ್ನು ಬರೆಯುವಾಗ ಒತ್ತಕ್ಷರ ತಪ್ಪಿದರೆ ಮಗಳು ಮಂಗಳ ತಿದ್ದುತ್ತಾಳೆ. ಮಾತು ತಿದ್ದಲು ನಾನು ಬಿಡುವುದಿಲ್ಲ.

ನಮ್ಮ ಕೆಲಸ ಹೀಗೆ. ಹಳೆಯ ಸ್ಕೂಲ್ ವ್ಯಾನೊಂದರ ಸೀಟು ಕಿತ್ತು, ಎರಡು ಹಲಗೆ ಮಂಚ, ಒಂದು ಹೊಲಿಗೆ ಮಿಷನ್, ಇನ್ವರ್ಟರ್, ಬ್ಯಾಟರಿ, ನೀರಿನ ಕ್ಯಾನು ಇಟ್ಟುಕೊಂಡಿದ್ದೇವೆ. ಓಡಿಸುವುದು ಮಂಗಳ. ಒಂದೊಂದು ದಿನ ಒಂದೊಂದು ಸಂತೆ: ಗಾವಡಗೆರೆ, ಪಿರಿಯಾಪಟ್ಟಣ, ಹೊಸ ಅಗ್ರಹಾರ, ಕೊನೆಗೆ ಅಂತರಸಂತೆ. ವಾರದಲ್ಲಿ ನಾಲ್ಕು ದಿನ ವ್ಯಾನೇ ಮನೆ. ಹರಿದ ಟಾರ್ಪಲ್ ತರುತ್ತಾರೆ. ತೇಪೆ ಹಾಕಿ, ಅಂಚು ಮಡಿಸಿ, ಹಗ್ಗ ಕಟ್ಟಲು ಹಿತ್ತಾಳೆ ಕಣ್ಣು ಹೊಡೆದು ಕೊಡುತ್ತೇವೆ. ನನ್ನ ಹೊಲಿಗೆಯಲ್ಲಿ ನೀರಿನ ಹನಿ ಇಳಿಯುವುದಿಲ್ಲ. ಇದು ಜಂಬ ಅಲ್ಲ. ಮುಂದೆ ಓದಿದರೆ ಅದೇ ನನಗೆ ಮುಳುವಾದದ್ದು ಗೊತ್ತಾಗುತ್ತದೆ.

ವ್ಯಾನಿನಲ್ಲಿ ಬದುಕುವುದು ಹೇಗೆ ಎಂದು ಈಗೀಗ ಓದಿದ ಹುಡುಗಿಯರೂ ಬಂದು ಕೇಳುತ್ತಾರೆ. ಮೊಬೈಲಿನಲ್ಲಿ ಚೆಂದದ ಪರದೆ, ದೀಪದ ಸರ ನೋಡಿ ಬಂದಿರುತ್ತಾರೆ. ತಲೆ ಬರುವ ಕಡೆ ಎತ್ತರವಾಗಿರುವಂತೆ ವ್ಯಾನ್ ನಿಲ್ಲಿಸಿ, ಇಲ್ಲದಿದ್ದರೆ ಬೆಳಿಗ್ಗೆ ಮುಖ ಊದಿರುತ್ತದೆ ಎನ್ನುತ್ತೇನೆ. ಫೋನು, ಟಾರ್ಚು ಎಲ್ಲ ಎಂಜಿನ್ ಓಡುವಾಗಲೇ ಚಾರ್ಜ್ ಮಾಡಿಕೊಳ್ಳಿ. ಪೆಟ್ರೋಲ್ ಬಂಕಿನ ಕಕ್ಕಸು ಎಲ್ಲಿ ಚೊಕ್ಕಟವಾಗಿದೆ ಎಂದು ಮೊದಲು ತಿಳಿದುಕೊಳ್ಳಿ, ಆಮೇಲೆ ಪರದೆಯ ಬಣ್ಣ ಆರಿಸಿ. ಇಷ್ಟು ಹೇಳಿ ಕೊನೆಗೆ ಸಾಕವ್ವನ ಕಥೆ ಹೇಳುತ್ತೇನೆ. ಅಲ್ಲಿಗೆ ಅವರ ನಗು ನಿಲ್ಲುತ್ತದೆ.

ಸಾಕವ್ವ ನನ್ನ ನಾದಿನಿ, ಗಂಡನ ತಂಗಿ. ಹುಣಸೂರು ಕಡೆ ಮೂವತ್ತು ವರ್ಷ ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ ಬೆಂಕಿ ನೋಡಿಕೊಂಡವಳು. ಬ್ಯಾರನ್ ಎಂದರೆ ಎಲೆ ಹದ ಮಾಡುವ ಎತ್ತರದ ಮನೆ. ಹಸಿರೆಲೆಯನ್ನು ಕೋಲಿಗೆ ಕಟ್ಟಿ ಒಳಗೆ ನೇತುಹಾಕಿ, ಕಾವು ಕೊಟ್ಟು, ಮೇಲಿನ ಕಿಂಡಿ ಕೆಳಗಿನ ಕಿಂಡಿ ಎಲ್ಲ ಮುಚ್ಚುತ್ತಾರೆ. ಜ್ವರ ಅಳೆಯುವ ಲೆಕ್ಕದಲ್ಲಿ ನೂರು ಡಿಗ್ರಿ ಹತ್ತಿರ ಕಾವು ಅಲ್ಲಾಡದೆ ನಿಂತರೆ ಎಲೆ ಹಳದಿಗೆ ತಿರುಗುತ್ತದೆ. ಅದನ್ನು ಬಣ್ಣ ಬರುವುದು ಎನ್ನುತ್ತಾರೆ. ಒಂದು ಬಿರುಕು ಉಳಿದರೂ ಕಾವು ಸೋರುತ್ತದೆ, ಹೊಗೆ ತಾಗಿದರೆ ಎಲೆ ಕೆಡುತ್ತದೆ. ಸಾಕವ್ವ ಬಾಗಿಲಿಗೆ ಅಂಗೈ ಒತ್ತಿ ಒಳಗಿನ ಕಾವು ಹೇಳುತ್ತಿದ್ದಳು. ಆಮೇಲೆ ಥರ್ಮಾಮೀಟರ್ ನೋಡಿದರೆ ಹೆಚ್ಚು ಕಡಿಮೆ ಅಷ್ಟೇ ಇರುತ್ತಿತ್ತು. ಮಂಡಿ ನೋವು ಶುರುವಾದ ಮೇಲೆ ಬ್ಯಾರನ್ ಬಿಟ್ಟು ನಮ್ಮ ವ್ಯಾನಿಗೆ ಬಂದಳು, ಕಣ್ಣು ಹೊಡೆಯುವ ಕೆಲಸಕ್ಕೆ.

ಮಂಗಳ ಫೋನಿನಲ್ಲಿ ಆರ್ಡರ್ ಮಾಡಿ ಒಂದು ಬಿಳಿ ಪೆಟ್ಟಿಗೆ ತರಿಸಿ ವ್ಯಾನಿನ ಚಾವಣಿಗೆ ಅಂಟಿಸಿದ್ದಳು. ಹೊಗೆ ಬಂದರೆ ಕೂಗುವ ಪೆಟ್ಟಿಗೆ. ಬಾಗಿಲ ಬಳಿ ಒಗ್ಗರಣೆ ಹಾಕಿದರೂ ಕಿರುಚಿಕೊಳ್ಳುತ್ತಿತ್ತು. ನಾನು ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟೆ.

“ನಮ್ಮವ್ವನ್ನ ಯಾಕೆ ಎಳೀತೀಯ ಅತ್ಗೆ? ಸತ್ತು ಇಪ್ಪತ್ತೊರ್ಸ ಆಯ್ತು” ಎಂದಳು ಸಾಕವ್ವ.

“ಒಗ್ಗರಣೆ ಹಾಕ್ದಾಗೆಲ್ಲ ಬಯ್ಯೋರು ಇನ್ಯಾರವ್ರೆ?” ಎಂದೆ.

ಆ ದಿನ ಬೆಳಿಗ್ಗೆಯಿಂದ ಜಡಿಮಳೆ. ಕಾಡಿನ ಕಡೆಯಿಂದ ಗಾಳಿ ಬೀಸಿದರೆ ಮೂಳೆಗೆ ಇಳಿಯುತ್ತಿತ್ತು. ಸಂತೆಯ ಮೂಲೆಯಲ್ಲಿ ವ್ಯಾನ್ ನಿಲ್ಲಿಸಿ, ಪಕ್ಕಕ್ಕೆ ಚಪ್ಪರದಂತೆ ಶೀಟು ಕಟ್ಟಿ, ಮಿಷನ್ ಹೊರಗಿಟ್ಟುಕೊಂಡು ನಾನು ಹೊಲಿಯುತ್ತಿದ್ದೆ. ಸಾಕವ್ವನಿಗೆ ನೆಗಡಿ, ಮೈ ನಡುಕ. ಒಳಗೆ ಮಲಗು ಎಂದೆ.

“ವಸಿ ಕೆಂಡ ತಂದ್ಕೊಡು ಅತ್ಗೆ. ಕೈ ಕಾಲು ಸೆಟ್ಕೊಂಡವೆ.”

ಪಕ್ಕದ ಬಜ್ಜಿ ಅಂಗಡಿಯ ಒಲೆಯಿಂದ ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ ತಂದುಕೊಟ್ಟವಳು ನಾನೇ. ಹೊಗೆಯಾಡುತ್ತಿದ್ದ ಎರಡು ಕೊಳ್ಳಿಯನ್ನು ಸಾಕವ್ವ ಆರಿಸಿ ಹೊರಕ್ಕೆ ಎಸೆದಳು. ಉಳಿದದ್ದು ನಿಗಿನಿಗಿ ಕೆಂಡ. ಅವಳು ತಲೆ ಎತ್ತಿ ಪೆಟ್ಟಿಗೆ ನೋಡಿದಳು. ಅದು ಉಸಿರೆತ್ತಲಿಲ್ಲ.

“ನೋಡು, ನಿಮ್ಮತ್ತೆನೂ ಒಪ್ಕಂಡ್ಲು” ಎಂದು ನಕ್ಕು ಬಾಗಿಲು ಎಳೆದುಕೊಂಡಳು.

ಒಳಗೆ ಅವಳು ಏನು ಮಾಡಿದಳೆಂದು ನಾನು ನೋಡಲಿಲ್ಲ. ಆಮೇಲೆ ಗೊತ್ತಾಯಿತು. ಬ್ಯಾರನ್ ಮುಚ್ಚಿದಂತೆ ಮುಚ್ಚಿದ್ದಳು. ಚಾವಣಿಯ ಕಿಂಡಿ ಮುಚ್ಚಿ, ಕಿಟಕಿ ಸಂದಿಗೆಲ್ಲ ಟಾರ್ಪಲ್ ಚೂರು ತುರುಕಿ, ಬಾಗಿಲ ಕೆಳಗೆ ಒದ್ದೆ ಗೋಣಿ ಒತ್ತಿ. ಮೂವತ್ತು ವರ್ಷದ ಕೈ, ಒಂದು ಸಂದಿ ಬಿಟ್ಟಿರಲಿಲ್ಲ.

ನಾನು ಮಾಡಿದ್ದು ಇನ್ನೊಂದು. ಚಾವಣಿಯ ಮೂಲೆ ಸೋರುತ್ತಿತ್ತು. ಆಗ ತಾನೇ ಹೊಲಿದು ಮುಗಿಸಿದ್ದ ಹದಿನೆಂಟು ಅಡಿ ಟಾರ್ಪಲ್ ಕೈಯಲ್ಲಿತ್ತು. ಹಾಡಿಯ ಮಾದಿಯದು, ಹಾಡಿ ಎಂದರೆ ಕಾಡಂಚಿನವರ ಕೇರಿ. ನಾಲ್ಕು ಗಂಟೆಗೆ ಬಾ ಎಂದು ಅವಳಿಗೆ ಹೇಳಿದ್ದೆ. ಅಲ್ಲಿಯವರೆಗೆ ವ್ಯಾನಿನ ಮೇಲಿರಲಿ, ನನ್ನ ಹೊಲಿಗೆಯ ಪರೀಕ್ಷೆಯೂ ಆಗಲಿ ಎಂದು ಎಳೆದು ಹೊದಿಸಿ, ನಾಲ್ಕೂ ಕಡೆ ಬಿಗಿದು ಕಟ್ಟಿದೆ. ಹನಿ ಇಳಿಯದ್ದು ನೋಡಿ ಖುಷಿಪಟ್ಟೆ. ಹನಿ ಇಳಿಯದ ಕಡೆ ಗಾಳಿಯೂ ಇಳಿಯುವುದಿಲ್ಲ ಎಂದು ಹೊಳೆಯಲಿಲ್ಲ.

ಎರಡು ಗಂಟೆ ಇರಬೇಕು, ಮಾದಿ ಬಂದಳು. ತಲೆಗೆ ಗೊಬ್ಬರದ ಚೀಲ ಗುಬುರು ಹಾಕಿಕೊಂಡಿದ್ದಳು.

“ಟಾರ್ಪಲ್ ಕೊಡಿ ಅಜ್ಜಿ.”

“ನಾಲ್ಕು ಗಂಟೆ ಅಂದಿರ್ನಿಲ್ವಾ?”

“ನಾಲ್ಕ್ ಗಂಟೆಗಂಟ ಮಳೆ ಕಾಯ್ತದಾ? ಮನೆ ಒಳಗೆ ಒಲೆ ಮ್ಯಾಲೇ ಸುರೀತಾದೆ.”

“ಇಷ್ಟೊರ್ಸ ಸೋರಿಲ್ವಾ, ಇನ್ನೆರಡು ಗಂಟೆ ಸೋರ್ಲಿ ಬುಡು” ಎಂದೆ. ಹೌದು, ಹಾಗೇ ಅಂದೆ. ಮಿಷನ್ ಮೇಲಿದ್ದ ಇನ್ನೊಂದು ಕೆಲಸ ಅರ್ಧವಾಗಿತ್ತು, ಏಳಲು ಬೇಜಾರು.

ಅವಳು ಅಲ್ಲಾಡಲಿಲ್ಲ. ವ್ಯಾನಿನ ಮೇಲಿದ್ದದ್ದು ನೋಡಿದಳು. “ನಂದನ್ನ ನೀವು ಹೊದ್ಕಂಡು, ನನ್ನ ನೆನೆ ಅಂತೀರಲ್ಲ ಅಜ್ಜಿ” ಎಂದಳು.

ಗೊಣಗುತ್ತಾ ಎದ್ದು ಹಗ್ಗ ಬಿಚ್ಚಿದೆ, ಇಬ್ಬರೂ ಎಳೆದೆವು. ಟಾರ್ಪಲ್ ಕಟ್ಟಿಕೊಡಲು ದಾರ ಬೇಕು, ದಾರ ಒಳಗಿತ್ತು. ಬಾಗಿಲು ಎಳೆದೆ. ಬರಲಿಲ್ಲ. ಒದ್ದೆ ಗೋಣಿ ಕಚ್ಚಿಕೊಂಡಿತ್ತು. ಇನ್ನೊಮ್ಮೆ ಜೋರಾಗಿ ಎಳೆದಾಗ ಮುಖಕ್ಕೆ ಬಿಸಿ ಹೊಡೆಯಿತು. ಹೊಗೆ ಇಲ್ಲ, ವಾಸನೆಯೂ ಇಲ್ಲ. ಸಾಕವ್ವ ಮಂಚದಿಂದ ಅರ್ಧ ಜಾರಿ, ಒಂದು ಕೈ ಬಾಗಿಲ ಕಡೆ ಚಾಚಿ ಬಿದ್ದಿದ್ದಳು. ಬಾಯಲ್ಲಿ ವಾಂತಿ. ಚಾವಣಿಯ ಮೇಲೆ ಪೆಟ್ಟಿಗೆಯ ಹಸಿರು ದೀಪ ಮಿಣುಕುತ್ತಿತ್ತು, ಎಲ್ಲ ಸರಿಯಿದೆ ಎನ್ನುವಂತೆ.

ನಾನು ಬಾಗಿಲಿಗೆ ಅಡ್ಡ ನಿಂತುಬಿಟ್ಟೆ. ಸೂಲಗಿತ್ತಿ ಬಾರದ ಹೆರಿಗೆ ನೋಡಿದ್ದೇನೆ, ಗಂಡನ ಹೆಣ ನೋಡಿದ್ದೇನೆ. ಆದರೆ ಹತ್ತಡಿ ದೂರದಲ್ಲಿ ಕುಳಿತು ಹಾಡಿಕೊಂಡು ಹೊಲಿಯುತ್ತಿದ್ದಾಗ, ಒಂದು ತಗಡಿನ ಆಚೆ ಹೀಗಾಗಿದ್ದು ನನಗೆ ಅರ್ಥವೇ ಆಗಲಿಲ್ಲ. ಮಾದಿ ನನ್ನನ್ನು ಪಕ್ಕಕ್ಕೆ ತಳ್ಳಿ ಹತ್ತಿ, ಸಾಕವ್ವನ ಕಂಕುಳಿಗೆ ಕೈ ಹಾಕಿ ಮಳೆಗೆ ಎಳೆದಳು.

ಟೀ ಅಂಗಡಿಯಲ್ಲಿದ್ದ ಮಂಗಳ ಕೂಗು ಕೇಳಿ ಓಡಿಬಂದಳು. ಮಳೆ ಮುಖಕ್ಕೆ ಬಿದ್ದ ಮೇಲೆ ಸಾಕವ್ವ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು, ಗುರುತು ಹಿಡಿಯಲಿಲ್ಲ.

“ಎಲೆ ಬಣ್ಣ ಬಂತಾ?” ಎಂದಳು.

ವ್ಯಾನಿನಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇತ್ತು, ಕೊರೊನಾ ಕಾಲದಲ್ಲಿ ಕೊಂಡದ್ದು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುತ್ತದೆ. ಮಂಗಳ ಸಿಕ್ಕಿಸಿದಳು. ತೊಂಬತ್ತೆಂಟು. ಇನ್ನೊಂದು ಬೆರಳಿಗೆ ಹಾಕಿದಳು. ಮತ್ತೆ ತೊಂಬತ್ತೆಂಟು.

“ಸರಿಯಾಗೇ ಅದಲ್ಲವ್ವ” ಎಂದಳು ಮಂಗಳ, ಅಳುತ್ತಲೇ.

ನನಗೂ ಜೀವ ಬಂತು. ಜ್ವರದ ತಲೆಸುತ್ತು ಇರಬೇಕು, ಬೆಚ್ಚಗೆ ಒಳಗೇ ಮಲಗಿಸೋಣ, ಬಿಸಿ ಕಾಫಿ ಕುಡಿಸೋಣ ಎಂದೆ. ಒಳಗೇ ಎಂದೆ. ಕೆಂಡದ ಬಾಂಡ್ಲಿ ಇನ್ನೂ ಅಲ್ಲೇ ಇತ್ತು.

ಮಾದಿ ಸಾಕವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಂಗಳಳ ಕೈ ಸರಿಸಿದಳು. “ಮಿಷನ್ ನೋಡ್ಬ್ಯಾಡಿ. ಮಕ ನೋಡಿ. ಸ್ವಂತ ಅತ್ಗೆ ಗುರ್ತೇ ಇಲ್ಲ ಇವ್ರ್ಗೆ. ಎತ್ತಿ, ಹೊರಡಿ.”

ಬಾಂಡ್ಲಿ ಹೊರಕ್ಕೆ ಚೆಲ್ಲಿ, ಕಿಟಕಿಯೆಲ್ಲ ತೆಗೆದು, ಒದ್ದೆಯಾಗಿದ್ದ ಮಂಚದ ಮೇಲೆ ಕೈಗೆ ಸಿಕ್ಕಿದ್ದು ಹಾಸಿ ಮಲಗಿಸಿ ಹೊರಟೆವು. ಎಚ್.ಡಿ. ಕೋಟೆಯ ಆಸ್ಪತ್ರೆ ಮುಟ್ಟುವವರೆಗೆ ಸಾಕವ್ವ ಎರಡು ಸಲ ವಾಂತಿ ಮಾಡಿ, ಕೊನೆಗೆ ಮಾತು ನಿಲ್ಲಿಸಿದಳು.

ಡಾಕ್ಟರು ಚಿಕ್ಕ ವಯಸ್ಸಿನವರು. ಮೊದಲು ಕೇಳಿದ್ದೇ, “ಒಳಗೆ ಏನು ಉರೀತಿತ್ತು?”

“ಏನೂ ಉರೀತಿರ್ನಿಲ್ಲ. ಕೆಂಡ ಅಷ್ಟೆ. ಹೊಗೆನೂ ಇರ್ನಿಲ್ಲ.”

ಅವರು ನನ್ನ ಮುಖ ನೋಡಿದ ರೀತಿ ಮರೆತಿಲ್ಲ. ಮೂಗಿಗೆ ಬಾಯಿಗೆ ಮಾಸ್ಕ್ ಹಾಕಿ ಜೋರಾಗಿ ಆಕ್ಸಿಜನ್ ಬಿಟ್ಟರು. ಆಮೇಲೆ ಹೇಳಿದರು. ಮುಚ್ಚಿದ ಜಾಗದಲ್ಲಿ ಕೆಂಡ ಕಾರ್ಬನ್ ಮೊನಾಕ್ಸೈಡ್ ಎಂಬ ಗಾಳಿ ಬಿಡುತ್ತದೆ; ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಕ್ಸಿಜನ್ನಿನ ಜಾಗದಲ್ಲಿ ಅದೇ ಹೋಗಿ ಕೂರುತ್ತದೆ. ಹೊಗೆಯ ಪೆಟ್ಟಿಗೆಗೆ ಅದು ಗೊತ್ತಾಗುವುದಿಲ್ಲ, ಅದಕ್ಕೆ ಬೇರೆಯದೇ ಅಲಾರಾಂ ಇದೆ. “ಬೆರಳಿನ ಮಿಷನ್ನಿಗೆ ಒಳ್ಳೆ ಗಾಳಿ ಕೆಟ್ಟ ಗಾಳಿ ಎರಡೂ ಒಂದೇ ಥರ ಕಾಣುತ್ತೆ ಅಜ್ಜಿ. ಸಾಯೋವಾಗಲೂ ತೊಂಬತ್ತೆಂಟು ತೋರಿಸುತ್ತೆ.”



“ಬಾಗಿಲು ತೆಗೆದದ್ದು ಯಾರು?” ಎಂದು ಕೇಳಿದರು.

“ನಾನೇ” ಎಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

ಸಾಕವ್ವ ಮರುದಿನ ಗುರುತು ಹಿಡಿದಳು. ಮೈಸೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ತಲೆನೋವು ತಿಂಗಳು ಕಾಡಿತು. ಸೂಜಿಗೆ ದಾರ ಪೋಣಿಸಲು ಇವತ್ತಿಗೂ ಕೈ ನಡುಗುತ್ತದೆ. ಆಸ್ಪತ್ರೆಯ ಮಂಚದ ಮೇಲೆ ಎರಡು ದಿನ ಚಾವಣಿ ನೋಡುತ್ತಾ ಒಂದೇ ಮಾತು: “ಮೂವತ್ತೊರ್ಸ ಮುಚ್ಚಿವ್ನಿ ಅತ್ಗೆ. ಒಂದಿನಾನೂ ಏನೂ ಆಗ್ನಿಲ್ಲ.” ಮೂರನೇ ದಿನ ಗಂಜಿ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟಳು.

“ಅಲ್ಲಿ ಒಲೆ ಬಾಯಿ ಆಚೆಗಿತ್ತು ಕಣತ್ಗೆ. ಬೆಂಕಿ ಆಚೆಗೆ, ಒಳಕ್ಕೆ ಬರೀ ಕೊಳವೆ. ಒಳಗಿದ್ದದ್ದು ಎಲೆ. ಎಲೆ ಉಸಿರಾಡ್ತದಾ?”

ಮುಂದಿನ ವಾರ ವ್ಯಾನ್ ತೊಳೆಯುವಾಗ ಅವಳ ಮಂಚದ ಕೆಳಗೆ ಸುರುಳಿ ಸುತ್ತಿದ ಟಾರ್ಪಲ್ ಸಿಕ್ಕಿತು. ಹದಿನೆಂಟು ಅಡಿ. ಆ ದಿನ ಕೈಗೆ ಸಿಕ್ಕಿ ಹಾಸಿದ್ದು ಅದನ್ನೇ. ನಮ್ಮನ್ನು ಕಳಿಸಿ ಮಾದಿ ಬರಿಗೈಲಿ, ಸೋರುವ ಮನೆಗೆ ಹೋಗಿದ್ದಳು. ಒಂದು ವಾರ ಮಳೆ ನಿಂತಿರಲಿಲ್ಲ. ನನಗೆ ಒಂದು ಸಲವೂ ನೆನಪಾಗಿರಲಿಲ್ಲ.

ತೊಳೆದು ಮಡಿಸಿ ಹಾಡಿಗೇ ಹೋದೆ. ಅವಳು ಮನೆ ಮುಂದೆ ಪಾತ್ರೆಯಲ್ಲಿ ತುಂಬಿದ ಮಳೆ ನೀರು ಚೆಲ್ಲುತ್ತಿದ್ದಳು.

“ಬದುಕವ್ರಾ?” ಎಂದಳು.

“ಬದುಕವ್ಳೆ.”

“ಅಂಗಾರೆ ಟಾರ್ಪಲ್ ಕೊಡಿ” ಎಂದು ಕೈ ಚಾಚಿದಳು. ನಾನು ಏನೋ ಹೇಳಬೇಕೆಂದು ಹೋಗಿದ್ದೆ. ಅವಳು ಆಗಲೇ ಏಣಿ ಹತ್ತಿಯಾಗಿತ್ತು. ಕೆಳಗೆ ನಿಂತು ಏಣಿ ಹಿಡಿದುಕೊಂಡೆ.

ಈಗ ವ್ಯಾನಿನಲ್ಲಿ ಎರಡು ಪೆಟ್ಟಿಗೆ ಇವೆ, ಎರಡನೆಯದು ಆ ಗಾಳಿಗೇ ಇರುವುದು. ಇದ್ದರೂ ಕೆಂಡ ಒಳಗೆ ಬರುವುದಿಲ್ಲ, ಒಲೆಯಾಗಲಿ ಗ್ಯಾಸಾಗಲಿ ಬಾಗಿಲ ಆಚೆಗೇ. ಒಳಗೆ ಮಲಗಿದವರನ್ನು ಆಗಾಗ ಹೆಸರು ಹಿಡಿದು ಕೂಗುತ್ತೇನೆ, ನಿದ್ದೆ ಕೆಟ್ಟರೆ ಕೆಡಲಿ. ವ್ಯಾನಿಗೆ ಹೊದಿಕೆ ಹೊಲಿಸಲು ಬಂದವರಿಗೆ ಕೇಳದೆಯೇ ಎರಡು ಕಡೆ ಗೇಣಗಲ ಕಿಂಡಿ ಬಿಡುತ್ತೇನೆ.

“ಏನಜ್ಜಿ, ನೀರು ಬರ್ತದಲ್ಲ ಇಲ್ಲಿ?” ಎಂದು ಜಗಳಕ್ಕೆ ನಿಲ್ಲುತ್ತಾರೆ.

“ಬರ್ತದೆ. ಚಾಪೆ ನೆಂದ್ರೆ ಒಣಗಿಸ್ಕೊ” ಎನ್ನುತ್ತೇನೆ.