ಮುಚ್ಚಿಟ್ಟ ಹೆಸರು

ಇಪ್ಪತ್ತೊಂಬತ್ತು ವರ್ಷ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಹಾಕಿದ ಪರ್ಲ್ ಪ್ಯೂಸಿಗೆ, 2015ರಲ್ಲಿ ಒಂದು ಸರ್ಕಾರಿ ಪತ್ರ ಬಂತು. ಈ ದೇಶದಲ್ಲಿರಲು ನಿಮಗೆ ಹಕ್ಕಿದೆಯೆಂಬ ದಾಖಲೆ ನಮ್ಮಲ್ಲಿಲ್ಲ. 1973ಕ್ಕೆ ಮೊದಲೇ ಬಂದು ನೆಲೆಸಿದವರಿಗೆ ಆ ಹಕ್ಕುಂಟು; ನೀವೂ ಹಾಗೆ ಬಂದಿದ್ದರೆ ಇಪ್ಪತ್ತೆಂಟು ದಿನಗಳೊಳಗೆ ಪುರಾವೆ ತೋರಿಸಿ, ಇಲ್ಲವೇ ದೇಶ ಬಿಡಿ. ಅಲ್ಲಿಯವರೆಗೆ ಮನೆಯಲ್ಲೇ ಇರಿ ಎಂದು ಶಾಲೆಯವರೂ ಹೇಳಿಬಿಟ್ಟರು.

ಅವಳು ಜಮೈಕಾದಿಂದ ಬಂದದ್ದು 1966ರಲ್ಲಿ, ಎಂಟು ವರ್ಷದವಳಾಗಿದ್ದಾಗ, ಅಮ್ಮನ ಪಾಸ್‌ಪೋರ್ಟಿನಲ್ಲಿ ಹೆಸರು ಬರೆಸಿಕೊಂಡು. ಅಮ್ಮ ತೀರಿಕೊಂಡ ಮೇಲೆ ಆ ಪಾಸ್‌ಪೋರ್ಟ್ ಕಳೆದುಹೋಗಿತ್ತು. ಉಳಿದದ್ದು ಜನನಪತ್ರ ಒಂದೇ. ಅದರಲ್ಲಿದ್ದ ಹೆಸರು ಇಸಿಲ್ಡಾ.

ಅವರ ಹಳ್ಳಿಯಲ್ಲಿ ನಿಜವಾದ ಹೆಸರು ಮನೆಯೊಳಗಿನ ಮಾತು. ಹೊರಗಿನವರ ಬಾಯಿಗೆ ಬಿದ್ದರೆ ಮಾಟ ತಗಲೀತು ಎಂಬ ಭಯ. "ಗುರುತಿಲ್ಲದೋರು ಆ ಹೆಸರು ಹಿಡಿದು ಕೂಗಿದ್ರೆ ಓಗೊಡಬೇಡ, ಬಾಯಿ ಮುಚ್ಕೊಂಡು ನಿಂತಿರು" ಎಂದು ಅಮ್ಮ ಹಡಗಿನಲ್ಲೇ ಕಲಿಸಿದ್ದಳು. ಹೀಗಾಗಿ ಶಾಲೆ, ಆಸ್ಪತ್ರೆ, ಸಂಬಳ ಎಲ್ಲ ಕಡೆಯೂ ಅವಳು ಪರ್ಲ್.

ವಲಸೆ ಕಚೇರಿಯ ಗುಮಾಸ್ತ ಅವಳ ಕಾಗದಗಳನ್ನು ಹಿಂದಕ್ಕೆ ತಳ್ಳಿದ. ಪರ್ಲ್ ಇಲ್ಲೇ ಬೆಳೆದದ್ದು ಸರಿ, ಆದರೆ ಆ ವರ್ಷಗಳಲ್ಲಿ ಇಸಿಲ್ಡಾ ಎಲ್ಲಿದ್ದಳು ಎಂದು ಕೇಳಿದ. ಇಬ್ಬರೂ ನಾನೇ ಎಂದಳು.

"ಅದನ್ನ ಕಾಗದ ಹೇಳ್ಬೇಕು ಮೇಡಂ, ನೀವಲ್ಲ."

ಅವಳಿಗೆ ಊಟ ಸೇರದಾಯಿತು. ಅಂಚೆಯವನ ಹೆಜ್ಜೆ ಸದ್ದಾದರೆ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದಳು. ಚರ್ಚಿನ ಗೆಳತಿ ಡೆಲ್ರೋಸ್ ನಗಿಸಲು ನೋಡಿದಳು: "ಇಬ್ಬರಾದ್ರೆ ಒಳ್ಳೇದೇ ಆಯ್ತಲ್ಲ ಸಿಸ್ಟರ್. ಒಬ್ಬಳನ್ನ ವಿಮಾನ ಹತ್ಸೋಣ, ಇನ್ನೊಬ್ಬಳು ಭಾನುವಾರ ನಮಗೆ ಕಾಳು ಹಾಕಿ ಅನ್ನ ಮಾಡ್ಲಿ." ಪರ್ಲ್ ನಗಲಿಲ್ಲ. ಮರುದಿನ ಡೆಲ್ರೋಸೇ ಅವಳನ್ನು ನಗರದ ಹಳೆಯ ದಾಖಲೆಗಳ ಕಚೇರಿಗೆ ಎಳೆದುಕೊಂಡು ಹೋದಳು.

ಇಪ್ಪತ್ತಾರನೆಯ ದಿನ ಅವಳ ಮೊದಲ ಶಾಲೆಯ 1966ರ ಕಡತ ಸಿಕ್ಕಿತು. ಟೀಚರ್ ಬರೆದಿದ್ದರು: "ಇಸಿಲ್ಡಾ ಪ್ಯೂಸಿ. ತಾಯಿಯ ಪಾಸ್‌ಪೋರ್ಟಿನಲ್ಲಿರುವ ಈ ಹೆಸರು ಹಿಡಿದು ಮೂರು ಸಲ ಕರೆದರೂ ಉತ್ತರವಿಲ್ಲ. ತನ್ನ ಹೆಸರೇ ತಿಳಿಯದ ಮಗು. ಪರ್ಲ್ ಎಂದೇ ಬರೆಯಬೇಕೆಂದು ತಾಯಿಯ ಹಟ. ದ್ವೀಪದಿಂದ ಬರುವ ಮಕ್ಕಳೆಲ್ಲ ಹೀಗೆಯೇ. ಮಂದಬುದ್ಧಿಯವರ ಶಾಲೆಗೆ ಕಳಿಸುವುದು."

ಏಳು ವರ್ಷ ಆ ಶಾಲೆಯಲ್ಲಿ ಬುಟ್ಟಿ ಹೆಣೆದದ್ದು ಪರ್ಲ್‌ಗೆ ನೆನಪಿತ್ತು. ತಾನು ಯಾವುದೋ ಪರೀಕ್ಷೆಯಲ್ಲಿ ಸೋತಿರಬೇಕೆಂದೇ ಈವರೆಗೆ ತಿಳಿದಿದ್ದಳು. ನಕಲಿನ ಹಾಳೆಯನ್ನು ಮುದುರತೊಡಗಿದಳು.

ಡೆಲ್ರೋಸ್ ಅವಳ ಮುಷ್ಟಿ ಬಿಡಿಸಿದಳು. "ಎರಡು ಹೆಸರೂ ಒಟ್ಟಿಗಿರೋ ಕಾಗದ ಇದೊಂದೇ ಕಣೇ."

ಮರುದಿನ ವಲಸೆ ಕಚೇರಿಯ ಗೋಡೆಯ ಮೇಲೆ ಬರೆದಿತ್ತು: ಕರೆದಾಗ ಬಾರದವರ ಸರದಿ ರದ್ದು.

"ಇಸಿಲ್ಡಾ ಪ್ಯೂಸಿ."

ಅಮ್ಮನ ಕೈ ಭುಜ ಒತ್ತಿದಂತಾಯಿತು. ಎರಡನೆಯ ಸಲ ಕರೆದರು. ಗುಮಾಸ್ತ ಪಟ್ಟಿಯಲ್ಲಿ ಗೆರೆ ಎಳೆಯಲು ಪೆನ್ನು ಎತ್ತಿದ.

"ಇಲ್ಲೇ ಇದೀನಿ" ಎಂದು ಅವಳು ಎದ್ದಳು.

ಅವನು ಹಾಳೆಯನ್ನು ಎರಡು ಸಲ ಓದಿದ. ಕಿವಿ ಕೆಂಪಾಯಿತು. ಈ ಮಗು ನೀವೇನಾ ಎಂದು ಮೆಲ್ಲಗೆ ಕೇಳಿದ.

"ನಾನೇ. ಹೆಸರು ಗೊತ್ತಿತ್ತು. ಹೇಳ್ಲಿಲ್ಲ, ಅಷ್ಟೆ."

ಅವನು ಹಾಳೆಯನ್ನು ಜನನಪತ್ರದ ಪಕ್ಕಕ್ಕೆ ಸೇರಿಸಿ, ತೀರ್ಮಾನವಾಗುವವರೆಗೆ ಗಡುವು ನಿಲ್ಲಿಸಲಾಗಿದೆ ಎಂದು ಬರೆದುಕೊಟ್ಟ. ಅವಳು ಆ ಚೀಟಿಯನ್ನು ಬಾಗಿಲ ಬಳಿ ನಿಂತು ಮತ್ತೆ ಓದಿದಳು. ಹೆಸರಿನ ಜಾಗದಲ್ಲಿ ಎರಡೂ ಇದ್ದವು.