ಏಣಿ ಹತ್ತಿ ಬಂದವನು

ಇಂಥ ಕಥೆ ಹೇಳುವವರ ಬಾಯಿ ಮುಚ್ಚಿಸುವುದರಲ್ಲಿ ಒಂದು ಕಾಲಕ್ಕೆ ನಾನು ಹೆಸರುವಾಸಿಯಾಗಿದ್ದೆ. ಯಾರಾದರೂ ಕಣ್ಣಾರೆ ಕಂಡೆ ಎಂದು ಶುರು ಮಾಡಿದರೆ, ಅದರ ಹಿಂದಿನ ರಾತ್ರಿ ಏನು ತಿಂದಿದ್ದಿರಿ ಎಂದು ಕೇಳಿ ಸುತ್ತಲಿನವರನ್ನು ನಗಿಸುತ್ತಿದ್ದೆ. ಈಗ ನನ್ನ ಸರದಿ. ಓದುವವರು ನಕ್ಕರೆ ನನಗೆ ಬೇಸರವಿಲ್ಲ, ಆ ಸಾಲ ನನ್ನ ಮೇಲಿದೆ. ಆದರೆ ಇದನ್ನು ಬಣ್ಣ ಕಟ್ಟಿ ಬರೆಯುತ್ತಿಲ್ಲ ಎಂಬುದಷ್ಟನ್ನು ನಂಬಿ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಚ್ಚಿಯಲ್ಲಿದ್ದೆ, ಕೇಂದ್ರ ಸರ್ಕಾರದ ಒಂದು ಸಮುದ್ರ ಸಂಶೋಧನಾ ಕಚೇರಿಯಲ್ಲಿ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವನು, ಕುಕ್ಕರಹಳ್ಳಿ ಕೆರೆಗಿಂತ ದೊಡ್ಡ ನೀರು ಕಂಡವನಲ್ಲ. ಅಂಥವನು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯಲು ಕಲಿತೆ. ನನ್ನ ಜೊತೆಗೇ ಕಲಿತವನು ಕಾಸರಗೋಡಿನ ಶ್ರೀಧರ. ಇಡೀ ಕಚೇರಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಎರ್ನಾಕುಳಂನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆವು. ನಾನು ಊರಿಂದ ತಂದ ಪುಳಿಯೋಗರೆ ಗೊಜ್ಜನ್ನು ಅವನು ಔಷಧಿ ಎಂದು ಹಂಗಿಸಿ, ಡಬ್ಬಿ ಖಾಲಿಯಾಗುವವರೆಗೂ ತಿನ್ನುತ್ತಿದ್ದ.

ಇಬ್ಬರದೂ ತಾತ್ಕಾಲಿಕ ಕೆಲಸ. ಆ ವರ್ಷ ಕಾಯಂ ಹುದ್ದೆ ಒಂದು ಬಂತು, ಒಂದೇ ಒಂದು. ಇಬ್ಬರೂ ಅರ್ಜಿ ಹಾಕಿದೆವು. ಮುಂದಿನ ತಿಂಗಳು ಸಂದರ್ಶನವಿತ್ತು. ಹೊರಗೆ ತಮಾಷೆ ಮಾಡಿಕೊಳ್ಳುತ್ತಿದ್ದೆವು, ಒಳಗೆ ಇಬ್ಬರಿಗೂ ಆ ಕೆಲಸ ಬೇಕಿತ್ತು. ಅವನಿಗೆ ಸಿಗದಿರಲಿ ಎಂದು ನಾನು ಒಂದೆರಡು ಸಲ ಅಂದುಕೊಂಡದ್ದುಂಟು. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಅದು ಸತ್ಯವಾಗುವುದಿಲ್ಲ.

ಸಂದರ್ಶನಕ್ಕೆ ಮೊದಲು ಎಂಟು ದಿನದ ಒಂದು ಪ್ರಯಾಣ ಬಂತು. ಕಚೇರಿಯ ಮರದ ಬೋಟಿನಲ್ಲಿ ಕೊಚ್ಚಿಯಿಂದ ತೆಂಕಕ್ಕೆ ಹೋಗಿ, ತಿರುವನಂತಪುರದ ಹತ್ತಿರ ವಿಳಿಞ್ಞಂ ಎದುರಿನ ಕಡಲಲ್ಲಿ ಮುಳುಗಿರುವ ಬಂಡೆಗಳ ಮೇಲಿನ ಜೀವಿಗಳನ್ನು ಸಂಗ್ರಹಿಸಬೇಕಿತ್ತು. ಊಟ, ನಿದ್ರೆ, ಕೆಲಸ ಎಲ್ಲವೂ ಬೋಟಿನ ಮೇಲೆಯೇ. ನಾವಿಬ್ಬರು, ಒಬ್ಬ ಅಡುಗೆಯವ, ಇಬ್ಬರು ಖಲಾಸಿಗಳು, ಮತ್ತು ಬೋಟು ನಡೆಸುವ ಸ್ರಾಂಕ್ ಪೌಲೋಸ್, ಎಲ್ಲರ ಬಾಯಲ್ಲೂ ಪೌಲೋಸ್ ಚೇಟ್ಟನ್, ಅಂದರೆ ಪೌಲೋಸಣ್ಣ. ಬೋಟಿನಲ್ಲಿ ಎಲ್ಲೆಲ್ಲೂ ಉಪ್ಪು, ಡೀಸೆಲ್ ವಾಸನೆ. ಒಣಗಿದ ಬಟ್ಟೆ ಎಂಬುದೇ ಅಲ್ಲಿರಲಿಲ್ಲ.

ಆ ಬೋಟಿನಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ ಇತ್ತು. ಚುಕ್ಕಾಣಿ ಕೋಣೆಯ ಹೊರಗೋಡೆಗೆ ಒಂದು ಹಲಗೆ, ಅದರ ಮೊಳೆಗಳಿಗೆ ಹಿತ್ತಾಳೆಯ ಬಿಲ್ಲೆಗಳು, ಮುಳುಗುವವನಿಗೆ ಒಂದೊಂದು. ಬಿಲ್ಲೆಯ ಒಂದು ಮುಖಕ್ಕೆ ಕೆಂಪು ಬಣ್ಣ. ನೀರಿಗೆ ಇಳಿಯುವಾಗ ಕೆಂಪು ಮುಖ ಹೊರಗೆ, ಮೇಲೆ ಬಂದ ಮೇಲೆ ಮತ್ತೆ ಒಳಗೆ. ಅವರವರ ಬಿಲ್ಲೆಯನ್ನು ಅವರವರೇ ತಿರುಗಿಸಬೇಕು, ಇನ್ನೊಬ್ಬರು ಮುಟ್ಟಕೂಡದು. ಒಂದು ಕೆಂಪು ಮುಖ ಕಾಣುತ್ತಿದ್ದರೂ ಪೌಲೋಸ್ ಚೇಟ್ಟನ್ ಲಂಗರು ಎತ್ತುತ್ತಿರಲಿಲ್ಲ. ಅವರು ತಲೆ ಎಣಿಸುತ್ತಿರಲಿಲ್ಲ, ಬಿಲ್ಲೆ ನೋಡುತ್ತಿದ್ದರು.

ಆರನೆಯ ದಿನ ಮಧ್ಯಾಹ್ನ ಮೂರರ ಮೇಲೆ ನಾವಿಬ್ಬರೂ ಇಳಿದೆವು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಗಾಳಿ ಏಳುವ ಮೊದಲು ಬಂದರು ಸೇರಬೇಕು, ಬೇಗ ಬನ್ನಿ ಎಂದು ಪೌಲೋಸ್ ಚೇಟ್ಟನ್ ಹೇಳಿದ್ದರು. ಕೆಳಗೆ ನನ್ನ ಗಾಳಿ ಮೊದಲು ಮುಗಿಯುತ್ತಾ ಬಂತು. ಮೇಲೆ ಹೋಗೋಣ ಎಂದು ಸನ್ನೆ ಮಾಡಿದೆ. ಶ್ರೀಧರ ಬಂಡೆಯ ಸಂದಿನಲ್ಲಿ ಏನೋ ಕೀಳುತ್ತಿದ್ದ. ನೀನು ನಡೆ, ಹಿಂದೆಯೇ ಬರುತ್ತೇನೆ ಎಂದು ಕೈಯಾಡಿಸಿದ. ಜೊತೆಯವನನ್ನು ಬಿಟ್ಟು ಬರಬಾರದು ಎಂಬುದು ಇಬ್ಬರಿಗೂ ಗೊತ್ತಿತ್ತು, ಆದರೂ ನಾನು ಬಂದೆ.

ಬೋಟು ಹತ್ತಿ, ಸಿಲಿಂಡರ್ ಇಳಿಸಿ, ಮೈ ಒರೆಸಿಕೊಂಡೆ. ಹತ್ತು ನಿಮಿಷವಾಗಿರಬೇಕು, ನನ್ನ ಬಿಲ್ಲೆ ತಿರುಗಿಸಲು ಹಲಗೆಯ ಬಳಿ ಹೋದೆ. ಆಗ ಹಿಂದೆ ಕಬ್ಬಿಣದ ಏಣಿ ಕಿರುಗುಟ್ಟಿತು. ಶ್ರೀಧರ ಹತ್ತಿ ಬಂದ. ಸಿಲಿಂಡರನ್ನು ಬೋಟಿನ ಮರದ ನೆಲಕ್ಕೆ ಇಳಿಸಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ಬೆಲ್ಟಿನ ಬಕಲ್ ಬಿಚ್ಚುತ್ತಾ, ತಲೆ ಎತ್ತದೆ ಹೇಳಿದ:

"ನನ್ನದನ್ನೂ ತಿರುಗಿಸಿ ಬಿಡು ಮಾರಾಯ."

ತಿರುಗಿಸಿದೆ. ಅಷ್ಟೇ ನಾನು ಮಾಡಿದ ಕೆಲಸ. ನನ್ನ ಕೆಂಪು ಅಂಚಿನ ಟವೆಲನ್ನು ಅವನತ್ತ ಎಸೆದೆ, ಅವನು ಅದನ್ನು ತಲೆಯ ಮೇಲೆ ಹಾಕಿಕೊಂಡ. ಲಂಗರು ಎದ್ದಿತು, ಎಂಜಿನ್ ಸದ್ದು ಮಾಡಿತು. ನಾವಿಬ್ಬರೂ ಬೋಟಿನ ಹಿಂಬದಿಯಲ್ಲಿ ನಿಂತಿದ್ದೆವು. ಈ ಆರು ದಿನದ ಗಡ್ಡದಲ್ಲಿ ನೀನು ಸಂದರ್ಶನಕ್ಕೆ ಹೋದರೆ ಕೆಲಸ ನನಗೇ ಗ್ಯಾರಂಟಿ ಎಂದು ನಾನು ಛೇಡಿಸಿದೆ. ಅವನು ನಕ್ಕ. ಆಮೇಲೆ ಕೆಳಗಿನ ಮಲಗುವ ಕೋಣೆಗೆ ಮೆಟ್ಟಿಲಿಳಿದು ಹೋದ.

ಮುಕ್ಕಾಲು ಗಂಟೆಯ ನಂತರ ಅಡುಗೆಯವ ಚಹಾ ತಂದ. ಶ್ರೀಧರನ ಲೋಟ ಹಾಗೇ ಆರುತ್ತಿತ್ತು. ಪೌಲೋಸ್ ಚೇಟ್ಟನ್ ಅದನ್ನು ನೋಡಿ, ಯಾವ ಅನುಮಾನವೂ ಇಲ್ಲದೆ ಕೇಳಿದರು:

"ಸಾರೇ, ಮಟ್ಟೇ ಸಾರ್ ಎವಿಡೆ?"

ಇನ್ನೊಬ್ಬ ಸಾರ್ ಎಲ್ಲಿ ಎಂದರೆ, ಕೆಳಗೆ ಮಲಗಿದ್ದಾನೆ ಎಂದೆ. ಎಬ್ಬಿಸಲು ಹೋದ ಖಲಾಸಿ ಕೆಳಗೆ ಯಾರೂ ಇಲ್ಲ ಎಂದು ಬಂದ. ಬೋಟು ಎಷ್ಟು ದೊಡ್ಡದಿದ್ದೀತು, ಹುಡುಕಲು ಐದು ನಿಮಿಷ ಸಾಕಾಯಿತು. ಅವನ ಸಿಲಿಂಡರ್ ಇರಲಿಲ್ಲ, ಬೆಲ್ಟು ಇರಲಿಲ್ಲ, ಅವನೂ ಇರಲಿಲ್ಲ. ನನ್ನ ಟವೆಲು ಮಾತ್ರ ಅವನ ಹಾಸಿಗೆಯ ಪಕ್ಕದ ಹಗ್ಗದ ಮೇಲಿತ್ತು. ಮುಟ್ಟಿ ನೋಡಿದೆ, ಒದ್ದೆಯಾಗಿತ್ತು. ಮೊದಲು ನಾನೂ ಅದರಲ್ಲೇ ಮೈ ಒರೆಸಿಕೊಂಡಿದ್ದೆನಲ್ಲ, ಅದರಿಂದ ಏನು ತಿಳಿಯುತ್ತದೆ.

ಬೋಟು ಹಿಂದಕ್ಕೆ ತಿರುಗಿತು. ಕತ್ತಲಾಗುವವರೆಗೂ ಆ ಬಂಡೆಗಳ ಸುತ್ತ ಸುತ್ತಿದೆವು. ನಾನು ಕೂಗಿ ಕೂಗಿ ಗಂಟಲು ಕಟ್ಟಿತು. ಅವನು ಬಂದಿದ್ದ, ನಾನು ಮಾತಾಡಿಸಿದೆ ಎಂದು ಒಮ್ಮೆ ಹೇಳಿದ್ದಕ್ಕೆ ಖಲಾಸಿಗಳಿಬ್ಬರೂ ನನ್ನ ಮುಖ ನೋಡುವುದನ್ನು ಬಿಟ್ಟರು. ಏಣಿಯ ಕಡೆ ಅವರ ಬೆನ್ನಿತ್ತು, ಅವರೇನೂ ಕಂಡಿರಲಿಲ್ಲ. ಬೆಳಿಗ್ಗೆ ವಿಳಿಞ್ಞಂನಲ್ಲಿ ಸುದ್ದಿ ಸಿಕ್ಕಿತು. ಸಂಜೆ ಕಟ್ಟುಮರದಲ್ಲಿ ಬಲೆ ಹಾಕಲು ಹೋದವರಿಗೆ ಶ್ರೀಧರ ಸಿಕ್ಕಿದ್ದ, ಜೀವ ಇತ್ತು. ಸಿಲಿಂಡರ್, ಬೆಲ್ಟು ಎಲ್ಲ ಬಿಚ್ಚಿ ಎಸೆದು ಎರಡು ಗಂಟೆಗೂ ಹೆಚ್ಚು ಹೊತ್ತು ತೇಲಿದ್ದನಂತೆ. ನಾನು ಓಡಿದೆ. ಮೀನುಗಾರನ ಮನೆಯ ಜಗಲಿಯಲ್ಲಿ ಯಾರದೋ ಲುಂಗಿ ಉಟ್ಟು ಕೂತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿಕೊಂಡ.

ಕೊಚ್ಚಿಯಲ್ಲಿ ವಿಚಾರಣೆ ನಡೆಯಿತು. ಅವನು ಮೇಲೆ ಬಂದಿದ್ದರೆ ಅವನ ಸಿಲಿಂಡರ್ ಎಲ್ಲಿ ಎಂದು ಕೇಳಿದರು. ವಿಚಾರಣೆ ಮಾಡಿದ ಅಧಿಕಾರಿ ಒಳ್ಳೆಯ ಮನುಷ್ಯನೇ. ನೋಡಿದೆ, ಮಾತಾಡಿದೆ ಎಂದು ಬರೆದುಕೊಟ್ಟರೆ ನಿಮ್ಮನ್ನು ಸುಳ್ಳ ಎನ್ನುತ್ತಾರೆ, ಇಲ್ಲವೇ ಹುಚ್ಚ ಎನ್ನುತ್ತಾರೆ, ಅಜಾಗರೂಕತೆ ಎಂದು ಬರೆದರೆ ಕೆಲಸವಾದರೂ ಉಳಿಯುತ್ತದೆ ಎಂದರು. ಹಾಗೆಯೇ ಬರೆದು ಸಹಿ ಹಾಕಿದೆ. ಟವೆಲಿನ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ಆಗಲೂ, ಆಮೇಲೂ. ಶ್ರೀಧರನನ್ನು ಕೇಳಿದಾಗ, ಮೇಲೆ ಬಂದೆ, ಬೋಟು ಹೋಗುತ್ತಿತ್ತು, ಬೇರೆ ಏನೂ ಗೊತ್ತಿಲ್ಲ ಎಂದನಂತೆ. ಒಂದು ಹುದ್ದೆಗೆ ಇಬ್ಬರು ಎಂಬುದು ಇಡೀ ಕಚೇರಿಗೆ ಗೊತ್ತಿತ್ತಲ್ಲ. ಬೇಕೆಂದೇ ಬಿಟ್ಟು ಬಂದ ಎಂದು ನನ್ನೆದುರು ಯಾರೂ ಹೇಳಲಿಲ್ಲ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರುತ್ತಿರಲಿಲ್ಲ, ಅಷ್ಟೇ.

ಹುದ್ದೆ ಅವನಿಗಾಯಿತು. ನನ್ನನ್ನು ಇನ್ನು ನೀರಿಗಿಳಿಯಕೂಡದೆಂದು ತಿರುವನಂತಪುರದ ಒಂದು ಕೋಣೆಗೆ ಹಾಕಿದರು, ಜೀವಿಗಳನ್ನು ಗಾಜಿನ ಬಾಟಲಿಗಳಲ್ಲಿ ಜೋಡಿಸಿಡುವ ಕೆಲಸಕ್ಕೆ. ವರ್ಷ ವರ್ಷವೂ ಕೊಚ್ಚಿಯಿಂದ ಹೊಸ ಬಾಟಲಿಗಳು ಬರುತ್ತಿದ್ದವು. ಸಂಗ್ರಹಿಸಿದವರು ಎಂಬ ಕಡೆ ಅವನ ಹೆಸರು. ಅದನ್ನು ನನ್ನ ಕೈಯಾರೆ ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದೆ. ನನಗೇ ನನ್ನ ಮೇಲೆ ಅನುಮಾನ ಬಂದಿತ್ತು. ಅವನು ಮೇಲೆ ಬರಬಾರದೆಂಬ ನನ್ನೊಳಗಿನ ಆಸೆಯೇ, ಬಿಟ್ಟು ಹೊರಡಲೆಂದು, ಅವನು ಬಂದನೆಂದು ನನ್ನ ಕಣ್ಣಿಗೆ ತೋರಿಸಿತೋ ಏನೋ ಎಂದು ಎಷ್ಟೋ ಸಲ ಅನ್ನಿಸಿದೆ.

ಆರೇಳು ವರ್ಷ ಕಳೆದಿರಬೇಕು, ಅಷ್ಟರಲ್ಲಿ ನಾನು ತಿರುವನಂತಪುರದಲ್ಲೇ ಮದುವೆಯಾಗಿ ಸಂಸಾರ ಹೂಡಿದ್ದೆ. ಒಂದು ಭಾನುವಾರ ಮಧ್ಯಾಹ್ನ ನನ್ನ ಮಗಳು ಬಾಗಿಲಿನಿಂದ, "ಅಚ್ಛಾ, ಒರಾಳ್ ವನ್ನಿಟ್ಟುಂಡ್" ಎಂದು ಕೂಗಿದಳು. ಅಪ್ಪಾ, ಯಾರೋ ಬಂದಿದ್ದಾರೆ ಎಂಬುದಕ್ಕೂ ಅವಳಿಗೆ ಮಲಯಾಳವೇ. ಬಂದವನು ಶ್ರೀಧರ. ತಲೆ ನರೆತಿತ್ತು. ಕಿವಿ ಹಾಳಾಗಿದೆ, ಮುಳುಗುವುದನ್ನು ಬಿಟ್ಟೆ ಎಂದ. ನನ್ನ ಹೆಂಡತಿ ಚಹಾ ಕೊಟ್ಟು ಒಳಗೆ ಹೋದಳು. ಅವನು ಲೋಟ ಮುಟ್ಟದೆ, ನೆಲ ನೋಡುತ್ತಾ ಹೇಳಿದ:

"ನಾನು ಮೇಲೆ ಬರುವಾಗ ಬೋಟು ಆಗಷ್ಟೇ ಹೊರಟಿತ್ತು. ನೀನು ಹಿಂದೆ ನಿಂತಿದ್ದೆ. ನಿನ್ನ ಹತ್ತಿರ ಒಬ್ಬ ಇದ್ದ, ತಲೆಗೆ ನಿನ್ನ ಕೆಂಪು ಅಂಚಿನ ಟವೆಲು. ನೀನು ಅವನ ಹತ್ತಿರ ನಗಾಡ್ತಾ ಇದ್ದೆ."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಯಾರು ಅವನು ಎಂದು ಕೇಳಿದೆ.

"ನಾನೇ ಮಾರಾಯ. ನಾನು ಬೊಬ್ಬೆ ಹೊಡೆದೆ. ನೀನು ನೋಡಲಿಲ್ಲ. ಅವನು ನೋಡಿದ."

"ಆವತ್ತೇ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ತಲೆ ಸರಿ ಇಲ್ಲ ಅಂತ ಮತ್ತೆ ನೀರಿಗೆ ಇಳಿಸ್ತಿರಲಿಲ್ಲ. ಆ ಕೆಲಸವೂ ಹೋಗ್ತಿತ್ತು. ನೀನು ತಪ್ಪು ಮಾಡಿಲ್ಲ ಅಂತ ನನಗೆ ಮೊದಲಿಂದಲೂ ಗೊತ್ತುಂಟು."

ಇದನ್ನು ಹೇಳಿ ಅವನಿಗೆ ಹಗುರವಾಯಿತೆಂದು ಕಾಣುತ್ತದೆ, ಆರಿದ ಚಹಾವನ್ನು ಪೂರ್ತಿ ಕುಡಿದ. ನನಗೆ ಆಗ ಬಂದ ಸಿಟ್ಟಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ, ಅವನನ್ನೂ ಕ್ಷಮಿಸಿಲ್ಲ. ಇನ್ನೊಂದು ಲೋಟ ಚಹಾ ಬೇಕೇ ಎಂದು ಕೇಳಲಿಲ್ಲ. ಗೇಟಿನವರೆಗೂ ಹೋಗಲಿಲ್ಲ. ಅವನು ಆಮೇಲೆ ಬರಲಿಲ್ಲ, ನಾನೂ ಕಾಗದ ಬರೆಯಲಿಲ್ಲ.

ಏಣಿ ಹತ್ತಿ ಬಂದವನು ಯಾರು ಎಂಬುದು ನನಗೆ ಗೊತ್ತಿಲ್ಲ. ಬುದ್ಧಿ ಇರುವವರನ್ನು ಒಬ್ಬಿಬ್ಬರನ್ನು ಕೇಳಿದ್ದೇನೆ, ಅವರ ಉತ್ತರಗಳು ನನಗೆ ಒಪ್ಪಿಗೆಯಾಗಿಲ್ಲ. ನನಗೆ ಗೊತ್ತಿರುವುದು ಇಷ್ಟೇ. ಅವನು ನನ್ನನ್ನು ಮಾರಾಯ ಎಂದು ಕರೆದ, ನನ್ನ ಟವೆಲು ಹೊದ್ದುಕೊಂಡ, ಆ ಹಾಳು ಹುದ್ದೆಯ ಬಗ್ಗೆ ನಾನು ಛೇಡಿಸಿದರೆ ಮನಸ್ಸು ಬಿಚ್ಚಿ ನಕ್ಕ. ಎರ್ನಾಕುಳಂನ ಕೋಣೆಯಲ್ಲಿ ನನ್ನ ಜೊತೆಗಿದ್ದ ಶ್ರೀಧರ ಹಾಗೆಯೇ ಇದ್ದ. ಕಟ್ಟುಮರದಲ್ಲಿ ದಡಕ್ಕೆ ಬಂದವನಲ್ಲಿ ನಾನು ಅವನನ್ನು ಮತ್ತೆ ಕಾಣಲಿಲ್ಲ. ಏಣಿ ಹತ್ತಿ ಬಂದವನು ಮೆಟ್ಟಿಲಿಳಿದು ಕೆಳಗಿನ ಕೋಣೆಗೆ ಹೋದದ್ದನ್ನು ನೋಡಿದ್ದೇನೆ, ಹೊರಗೆ ಬಂದದ್ದನ್ನು ನೋಡಿಲ್ಲ.